ಕೈಗೆ ಗೊತ್ತಿದ್ದ ಬ್ರೇಕು

“ಅಕ್ಕಾ, ದನ ಅಡ್ಡ ಬಂತು!”

ಪಕ್ಕದ ಸೀಟಿನಲ್ಲಿದ್ದ ಮೆಕ್ಯಾನಿಕ್ ಇದ್ದಕ್ಕಿದ್ದಂತೆ ಕಿರುಚಿದರು. ಬೆಚ್ಚಿಬಿದ್ದ ನಾನು ಕೈಯಲ್ಲಿದ್ದ ಲಿವರನ್ನು ಎದೆಯತ್ತ ಜಗ್ಗಿ ಎಳೆದೆ. ಸದ್ಯ, ಕಾರು ಮದ್ದೂರಿನ ಅವರ ಗ್ಯಾರೇಜಿನಲ್ಲೇ ನಿಂತಿತ್ತು, ಎಂಜಿನ್ ಆಫ್ ಆಗಿತ್ತು.

ಪೋಲಿಯೊದಿಂದ ನನ್ನ ಎರಡೂ ಕಾಲು ಸೋತಿವೆ. ಕೈಯಿಂದಲೇ ಓಡಿಸುವಂತೆ ಕಾರಿಗೆ ಹ್ಯಾಂಡ್ ಕಂಟ್ರೋಲ್ ಹಾಕಿಸಲು ಹೋಗಿದ್ದೆ. ಮೊಬೈಲಿನಲ್ಲಿ ನೋಡಿ ನಾನೇ ಆರಿಸಿದ್ದ ಲಿವರ್ ಅದು: ತಳ್ಳಿದರೆ ಬ್ರೇಕು, ಎಳೆದರೆ ವೇಗ.

“ದನದ ಮ್ಯಾಲೇ ಅತ್ಸ್‌ಬುಟ್ರಲ್ಲಕ್ಕ! ಮುಂಚೆ ಏನ್ ಓಡುಸ್ತಿದ್ರಿ?”

“ಎತ್ತಿನ ಗಾಡಿ” ಎಂದೆ, ನಾಚಿಕೆಯಿಂದಲೇ. ಗದ್ದೆಗೆ ನಡೆಯಲಾಗದ ನನ್ನನ್ನು ಅಪ್ಪ ಚಿಕ್ಕಂದಿನಲ್ಲೇ ನಮ್ಮೂರು ಪೂರಿಗಾಲಿಯಲ್ಲಿ ಗಾಡಿಗೆ ಎತ್ತಿ ಕೂರಿಸಿ, ಹಗ್ಗ ಕೈಗೆ ಕೊಟ್ಟಿದ್ದರು. ಎತ್ತು ನಿಲ್ಲಬೇಕೆಂದರೆ “ಓ... ಓ...” ಎನ್ನುತ್ತಾ ಹಗ್ಗ ಎಳೆಯಬೇಕು.

ಮೆಕ್ಯಾನಿಕ್ ನಗಲಿಲ್ಲ. “ಅಂಗಾರೆ ಇದು ನಿಮ್ಗ್ ಬ್ಯಾಡ ಬುಡಿ. ಎಳುದ್ರೆ ನಿಲ್ಲೋದೇ ಆಕ್ಕೊಡ್ತೀನಿ. ಕೈ ಕಲ್ತಿರೋದ್ನ ಯಾಕ್ ಮರುಸ್ಬೇಕು?”

ಅಲ್ಲಿಯವರೆಗೆ ಎಲ್ಲರೂ ನನ್ನ ಕಾಲು ನೋಡಿ ಸಲಹೆ ಕೊಟ್ಟಿದ್ದರು. ಕೈಯನ್ನು ಕೇಳಿದವರು ಅವರೊಬ್ಬರೇ. ಈಗ ಗೆಜ್ಜಲಗೆರೆಯ ಹತ್ತಿರ ಫ್ಯಾಕ್ಟರಿ ಬಸ್ಸು ಅಡ್ಡ ಬಂದರೆ ಲಿವರ್ ಎಳೆಯುತ್ತೇನೆ. ಜೊತೆಗೇ ಬಾಯಿ “ಓ... ಓ...” ಅನ್ನುತ್ತದೆ. ಕಾರು ನಿಲ್ಲುತ್ತದೆ.