ಓಡಿಸದ ಟೆಸ್ಟುಗಳಿಗೆ ಹಾಕಿದ ಸಹಿ

ಇಮ್ತಿಯಾಜ್, ಆ ಟೆಸ್ಟುಗಳನ್ನು ನಾನು ಓಡಿಸಿರಲಿಲ್ಲ. ಓಡಿಸಿದ್ದೇನೆ ಎಂದು ನಿನಗೆ ಹೇಳಿದ್ದು ಸುಳ್ಳು, ಪಟ್ಟಿಯಲ್ಲಿ ಹಾಕಿದ ಸಹಿಯೂ ಸುಳ್ಳು. ಇಷ್ಟು ವರ್ಷ ಬಾಯಿ ಬಿಡದೆ ಇದ್ದೆ — ನಿನ್ನ ಎದುರಿಗೇ ಕೂತು, ನೀನು ತಂದ ಖರ್ಜೂರ ತಿನ್ನುತ್ತಾ.

ಚಿತ್ರದುರ್ಗದ ಈ ಸಣ್ಣ ಕಚೇರಿಯಲ್ಲಿ ಆಗ ನಾವಿಬ್ಬರೂ ಪೈಲಟ್ ಇಲ್ಲದ ವಿಮಾನಕ್ಕೆ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಬರೆಯುವವನು ನೀನು, ಪರೀಕ್ಷಿಸುವವಳು ನಾನು; ಬರೆದವರೇ ಪರೀಕ್ಷಿಸಬಾರದು ಎಂಬುದು ಇಲ್ಲಿನ ಕಟ್ಟುನಿಟ್ಟು. ಕೋಡನ್ನು ಬಿಡಿ ಘಟಕಗಳಾಗಿ ಕಟ್ಟುವ ಆಬ್ಜೆಕ್ಟ್ ಪದ್ಧತಿಯನ್ನು ತಂದವನು ನೀನೇ. ಎತ್ತರ ಅಳೆಯುವ ಸೆನ್ಸರ್‌ಗೆ ಒಂದು ಮೂಲ ಕ್ಲಾಸ್, ಅಂದರೆ ಕೋಡ್‌ನ ಅಚ್ಚು; ಹೊಸ ಸೆನ್ಸರ್ ಬಂದಾಗ ಅದರಿಂದಲೇ ಇನ್ನೊಂದು. ಕಚೇರಿಯ ಹಿರಿಯರಿಗೆ ಅನುಮಾನವಿತ್ತು. ನೀನು ಒಂದೇ ಷರತ್ತು ಹಾಕಿದ್ದೆ: ಮೂಲದ್ದು ಕೊಟ್ಟ ಮಾತನ್ನು ಹೊಸದೂ ಉಳಿಸಿಕೊಳ್ಳಬೇಕು, ಆದ್ದರಿಂದ ಹಳೆಯ ಟೆಸ್ಟುಗಳನ್ನೆಲ್ಲ ಹೊಸದರ ಮೇಲೂ ಓಡಿಸಲೇಬೇಕು.

ಆ ಶುಕ್ರವಾರ ಮಾರಿಕಣಿವೆ ಅಣೆಕಟ್ಟು ಎಷ್ಟೋ ವರ್ಷಗಳ ಮೇಲೆ ತುಂಬಿ ಕೋಡಿ ಬಿದ್ದಿತ್ತು. ಜಿಲ್ಲೆಗೆ ಜಿಲ್ಲೆಯೇ ಅತ್ತ ಹೊರಟಿತ್ತು. ನಮ್ಮ ಮನೆಯವರು ಹಿರಿಯೂರಿನಿಂದ ಮೂರು ಸಲ ಫೋನ್ ಮಾಡಿದ್ದರು. ಹೊಸ ಸೆನ್ಸರ್‌ನ ಹೊಸ ಕೆಲಸಗಳನ್ನಷ್ಟೇ ಪರೀಕ್ಷಿಸಿ, ಹಳೆಯವು ಹೇಗೂ ಪಾಸಾಗುತ್ತವೆ ಅಂದುಕೊಂಡು ಸಹಿ ಹಾಕಿ ಚೀಲ ಎತ್ತಿಕೊಂಡೆ. ಬಾಗಿಲಲ್ಲಿ ನೀನು ಕೇಳಿದೆ:

"ಅಕ್ಕ, ಹಳೇ ಟೆಸ್ಟ್ ಅಷ್ಟೂ ಹೊಸದ್ರ ಮ್ಯಾಲೆ ಓಡ್ಸಿದ್ರಾ?"

"ಓಡ್ಸೀನಪ್ಪ, ಎಲ್ಲಾ ಪಾಸಾಗೈತೆ. ನೀನೂ ಬಾ, ನೀರು ನೋಡ್ಕಂಡು ಬರಾಣ."

ನೀನು ಬರಲಿಲ್ಲ. ನಾನು ಹೋದೆ, ನೀರು ನೋಡಿ ಕುಣಿದೆ — ಆ ಸಂತೋಷ ಇವತ್ತಿಗೂ ಸುಳ್ಳೆನಿಸುವುದಿಲ್ಲ, ಅದೇ ಕಷ್ಟ.

ಮುಂದಿನ ವಾರ, ವಿಮಾನಕ್ಕೆ ಕೂಡಿಸುವ ಮೊದಲು ನಡೆದ ಪ್ರಯೋಗದಲ್ಲಿ ಏನಾಗುತ್ತದೆ ನೋಡಲೆಂದು ಯಾರೋ ಸೆನ್ಸರ್‌ನ ತಂತಿ ಕಿತ್ತರು. 'ಅಳತೆ ಸಿಗುತ್ತಿಲ್ಲ' ಎನ್ನಬೇಕಿದ್ದ ಹೊಸ ಕ್ಲಾಸ್ ಹಿಂದಿನ ಎತ್ತರವನ್ನೇ ಹೇಳುತ್ತಾ ಕೂತಿತು. ಹಾರುವಾಗ ಹೀಗಾಗಿದ್ದರೆ ನೆಲಕ್ಕೆ ಬಡಿಯುವವರೆಗೂ ವಿಮಾನ ತಾನು ಎತ್ತರದಲ್ಲೇ ಇದ್ದೇನೆಂದು ನಂಬಿರುತ್ತಿತ್ತು. ಸಭೆಯಲ್ಲಿ ಹಿರಿಯರು ನನ್ನ ಸಹಿ ನೋಡಿ, ಟೆಸ್ಟ್ ಮಾಡಿಯೂ ಸಿಗದ ತಪ್ಪು ಎಂದರೆ ಪದ್ಧತಿಯೇ ಸರಿಯಿಲ್ಲ ಎಂದರು. ಆಬ್ಜೆಕ್ಟ್ ಪದ್ಧತಿಯನ್ನು ಕೈಬಿಟ್ಟರು. ನಿನ್ನನ್ನು ಕೋಡ್‌ನಿಂದ ಬಿಡಿಸಿ ದಾಖಲೆ ಬರೆಯಲು ಹಾಕಿದರು. ನಾನು — ಲೋಟದ ನೀರು ಕುಡಿದೆ, ಅಷ್ಟೇ.

ತಪ್ಪು ಬರೆದದ್ದು ನೀನು, ನಿಜ. ಅದನ್ನು ಹಿಡಿಯಲೆಂದೇ ನಾನಿದ್ದೆ.

ನೀನು ಗೊಣಗಲಿಲ್ಲ. "ಇಲ್ಲೇ ಆರಾಮೈತಕ್ಕ, ಕಾಗ್ದ ಯಾರ ತಲೆ ಮ್ಯಾಲೂ ಬೀಳಲ್ಲ" ಎಂದು ನಕ್ಕೆ. ನಾನೂ ನಕ್ಕೆ. ಚೆನ್ನಾಗಿಯೇ ಬದುಕಿದೆವು ಬಿಡು. ಈ ಕಚೇರಿ, ಈ ಊರು, ಮಧ್ಯಾಹ್ನದ ಹರಟೆ — ನನಗೆ ಯಾವುದಕ್ಕೂ ಕೊರತೆಯಿಲ್ಲ. ಆದರೆ ಈ ನೆಮ್ಮದಿಯಲ್ಲಿ ನಿನ್ನಿಂದ ಕಿತ್ತುಕೊಂಡದ್ದು ಎಷ್ಟೋ...

ಈಗ ಹೊಸ ವಿಮಾನಕ್ಕೆ ಆ ಪದ್ಧತಿ ಬೇಕೇ ಬೇಡವೇ ಎಂಬ ಚರ್ಚೆ ಎದ್ದಿದೆ. 'ಹಿಂದೆ ಒಮ್ಮೆ ಸೋತದ್ದು' ಎಂದು ಕಡತದ ಮೊದಲ ಪುಟದಲ್ಲೇ ಇದೆ. ನಿನ್ನೆ ನಿನ್ನ ಹಳೆಯ ಕೋಡ್ ಹುಡುಕಿ ತೆಗೆದು ಆ ಟೆಸ್ಟುಗಳನ್ನು ಓಡಿಸಿದೆ. ಆರನೆಯದು, ತಂತಿ ಕಿತ್ತಾಗ ಏನು ಹೇಳುತ್ತದೆ ಎಂದು ನೋಡುವ ಟೆಸ್ಟ್, ಫೇಲ್ ಆಯಿತು. ಕಾಲು ಗಂಟೆಯೂ ಹಿಡಿಯಲಿಲ್ಲ.

ನಡೆದದ್ದನ್ನೆಲ್ಲ ಬರೆದು ಹಿರಿಯರ ಮೇಜಿನ ಮೇಲಿಟ್ಟು ಬಂದಿದ್ದೇನೆ. ಸೋಮವಾರದ ಸಭೆಯಲ್ಲಿ ನಾನೇ ಓದುತ್ತೇನೆ. ಅವತ್ತು ನೀನು ಅಲ್ಲಿರು ಎಂದು ಕೇಳಲು ನನಗೆ ಮುಖವಿಲ್ಲ — ಆದರೂ ಬಾ. ಸೋತದ್ದು ನಿನ್ನ ಪದ್ಧತಿಯಲ್ಲ ಎಂಬುದನ್ನು ಎಲ್ಲರ ಎದುರು ನನ್ನ ಬಾಯಿಂದಲೇ ಕೇಳು.