ಚೌಕಾಸಿ ಬಿಟ್ಟ ಕಾಶಿ

ಕೋಡಿಬಾಗದ ಮೀನುಗಾರ್ತಿಯ ಮಗಳು ಗಾಯತ್ರಿ ಈಗ ಕಾರವಾರದಲ್ಲಿ ಡಾಕ್ಟರಾಗಲಿರುವ ಹುಡುಗರಿಗೆ ಮನೋವೈದ್ಯಶಾಸ್ತ್ರ ಕಲಿಸುತ್ತಾಳೆ. ಅವರಿಗೋ ಅವಳ ವಿಭಾಗದ ಪಾಳಿಯೆಂದರೆ ಗೋವಾ ಸುತ್ತುವ ರಜೆ. ಅವರ ಇಸ್ತ್ರಿ ಮಾಡಿದ ಬಿಳಿ ಕೋಟು ಕಂಡರೇ ಅವಳಿಗೆ ಮೈ ಉರಿಯುತ್ತದೆ.

ಅಂದು ಮಾಜಾಳಿಯಲ್ಲಿ ಮೀನು ಮಾರುವ ಕಾಶಿಯನ್ನು ಅವಳ ಮಗಳು ಆಸ್ಪತ್ರೆಗೆ ಕರೆತಂದಿದ್ದಳು. ಗಿರಾಕಿ ಕೇಳಿದ ಬೆಲೆಗೇ ಬಂಗಡೆ ಕೊಟ್ಟು ಅವ್ವ ಸುಮ್ಮನೆ ಕೂರುತ್ತಾಳೆ ಎಂಬುದು ಮಗಳ ದೂರು. ವಿದ್ಯಾರ್ಥಿ ರೋಹಿತ ಕಾಶಿಯನ್ನು ಮಾತಾಡಿಸಿ ಬಂದು, "ಶಾಂತ ಸ್ವಭಾವ ಮೇಡಂ, ಕಾಯಿಲೆ ಏನಿಲ್ಲ" ಎಂದ.

"ನಿಮ್ಮನೆಗೆ ಮೀನು ತರೋದು ಯಾರು?" ಗಾಯತ್ರಿ ಕೇಳಿದಳು.

"ಅಮ್ಮ. ನಾನು ಕಾರಲ್ಲೇ ಕೂತಿರ್ತೆ. ವಾಸನೆ."

"ಮೂಗಿನ ಸಂಗ್ಡ ಕಿವಿನೂ ಮುಚ್ಕಂಡ್ಯಾ ತಮಾ? ಚೌಕಾಸಿ ಬಿಟ್ಟ ಮೀನುಗಾರ್ತಿ ಅರ್ಧ ಸತ್ತಂಗೆ. ಮೊದ್ಲು ಮಾರ್ಕೆಟ್ಟಿಗೆ ಹೋಗಿ ಮೀನಿಗೆ ಚೌಕಾಸಿ ಮಾಡಿ ಬೈಸ್ಕಂಡು ಬಾ. ಕೋಟು ಆಮೇಲೆ ಹಾಕು."