ಬಾಗಿಲಲ್ಲಿ ಕೂಗಿದ ಹೆಸರು

ಜಮಖಂಡಿಯ ಮೊದಲ ಬಸ್ಸು ಸಾವಳಗಿಗೆ ಬರುವಾಗ ಇನ್ನೂ ಪೂರ್ತಿ ಬೆಳಕಾಗಿರುವುದಿಲ್ಲ. ಅದರಲ್ಲಿ ಬರುವ ಅಂಚೆ ಚೀಲಕ್ಕಾಗಿ ಇಂದ್ರವ್ವ ಆಗಲೇ ನಿಲ್ದಾಣದಲ್ಲಿ ಕಾಯುತ್ತಿರುತ್ತಾರೆ. ಚೀಲವನ್ನು ಸೈಕಲ್ಲಿಗೆ ಬಿಗಿದು ಕಚೇರಿಗೆ ಒಯ್ದು, ಕಾಗದಗಳನ್ನು ಓಣಿವಾರು ಜೋಡಿಸುತ್ತಾರೆ. ಹದಿನೇಳು ವರ್ಷದಿಂದ ಇದೇ ಕೆಲಸ. ದಿನಕ್ಕೆ ಹದಿನಾಲ್ಕು ಕಿಲೋಮೀಟರು, ಅರವತ್ತು ಎಪ್ಪತ್ತು ಟಪಾಲು.

ಪಾಸ್‌ಪೋರ್ಟ್ ಇದ್ದ ದಿನ ಮಾತ್ರ ಅವರ ವರಸೆಯೇ ಬೇರೆ. ಲಕೋಟೆಯ ಮೇಲಿನ ವಿಳಾಸಕ್ಕೇ ಹೋಗಿ, ಹೆಸರು ಗಟ್ಟಿಯಾಗಿ ಕೂಗಿ, ಗುರುತಿನ ಚೀಟಿ ನೋಡಿ, ಅದೇ ಮನುಷ್ಯನ ಕೈಗೆ ಕೊಡುತ್ತಾರೆ. ಅಣ್ಣನದು ತಮ್ಮನಿಗಿಲ್ಲ, ಹೊರದೇಶಕ್ಕೆ ಆಳು ಕಳಿಸುವ ಏಜೆಂಟನಿಗಂತೂ ಇಲ್ಲವೇ ಇಲ್ಲ. "ಓಣಿ ಮಂದಿ ಕೇಳೂವಂಗ ಕೂಗ್ತೇನ್ರಿ. ಯಾರದು ಯಾರ ಕೈಗೆ ಹೋತು ಅಂತ ಎಲ್ಲಾರಿಗೂ ಗೊತ್ತಿರಬೇಕು" ಎನ್ನುತ್ತಾರೆ.

ಇಂದ್ರವ್ವನ ಮನೆಯ ಎದುರಿಗೆ ಭಾಗ್ಯಾ ಎಂಬಾಕೆಯ ಎರಡಂತಸ್ತಿನ ಮನೆ. ಭಾಗ್ಯಾಳ ಗಂಡ ಶಿವಾಜಿ ಐದು ವರ್ಷದ ಹಿಂದೆ ಊರು ನೋಡುವ ವೀಸಾದಲ್ಲಿ ಕೊಲ್ಲಿ ದೇಶಕ್ಕೆ ಹೋದವನು. ಅವಧಿ ಮುಗಿದರೂ ಕದ್ದು ಅಲ್ಲೇ ಉಳಿದು ದುಡಿಯುತ್ತಿದ್ದಾನೆ. ತಂದೆ ತೀರಿಕೊಂಡಾಗಲೂ ಬರಲಾಗಲಿಲ್ಲ. ಆದರೆ ಮನೆಗೆ ಟೈಲ್ಸ್ ಬಂದವು, ಭಾಗ್ಯಾಳ ಕೈಗೆ ನಾಲ್ಕು ಬಂಗಾರದ ಬಳೆ ಬಂದವು.

"ಖರೆ ಹೇಳ್ತೇನ್ರಿ, ಹೊಟ್ಟಿ ಉರೀತೈತಿ. ನಾ ಕಸಾ ಹೊಡಿಯೂ ಮುಂದ ಆಕಿ ಮ್ಯಾಲೆ ಬಾಲ್ಕನ್ಯಾಗ ಚಾ ಕುಡಕೋತ ನಿಂತಿರ್ತಾಳ. ಬಳಿ ಸಪ್ಪಳ ನನಗ ಕೇಳ್ಲಿ ಅಂತನ ಕೈ ಆಡಸ್ತಾಳ" ಎನ್ನುತ್ತಾರೆ ಇಂದ್ರವ್ವ. ಇದನ್ನು ಕೇಳಿ ಬರೆಯುತ್ತಿರುವ ನಾನೇನೂ ಸಾಚಾ ಅಲ್ಲ. ಸರದಿ ತಪ್ಪಿಸಿ ಬಡ್ತಿ ಹೊಡೆದವರನ್ನು ಕಂಡರೆ ನನಗೂ ಇದೇ ಉರಿ.

ಹೋದ ವರ್ಷ ಒಂದು ಬೆಳಿಗ್ಗೆ ಐದು ಪಾಸ್‌ಪೋರ್ಟ್ ಒಟ್ಟಿಗೆ ಬಂದವು. ಐದನೆಯದರ ಮೇಲೆ ಇಂದ್ರವ್ವನ ಗಂಡ ಗುರುಸಿದ್ದನ ಹೆಸರು! ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ವೆಲ್ಡಿಂಗ್ ಮಾಡುವ ಆತ ಹೆಂಡತಿಗೆ ಹೇಳದೆ ಅರ್ಜಿ ಹಾಕಿದ್ದ. ವಿಚಾರಣೆಗೆ ಪೊಲೀಸರು ಮನೆಗೆ ಬಂದಾಗ ಇಂದ್ರವ್ವ ಊರವರ ಕಾಗದ ಹಂಚುತ್ತಿದ್ದರಿಂದ ಅವರಿಗೆ ಸುಳಿವೇ ಸಿಕ್ಕಿರಲಿಲ್ಲ. ಆ ಬೆಳಿಗ್ಗೆ ಕಚೇರಿಯ ಹೊರಗೆ ಏಜೆಂಟ್ ನಿಂತಿದ್ದ. "ಐದೂ ನನ್ನ ಕೈಯಾಗ ಕೊಡ್ರಿ ಅಕ್ಕಾರ. ನಿಮ್ಮ ಮನಿಯವರೂ ಶಿವಾಜಿ ಹೋದ ದಾರಿಲೇ ಹೋಗ್ತಾರ. ಎರಡ ವರ್ಷದಾಗ ನಿಮ್ಮದೂ ಅಂಥಾ ಮನಿ ಏಳ್ತೈತಿ."

"ಆ ಬಳಿ ಕಣ್ಣ ಮುಂದ ಬಂದ್ವು ನೋಡ್ರಿ, ಕೈ ತಾನ ಚೀಲಕ್ಕ ಹೋತು. ಮರುಗಳಿಗಿಗೆ ಹೆದರಿಕಿ. ಇವರೂ ಶಿವಾಜಿಯಂಗ ಅಲ್ಲೇ ಸಿಕ್ಕೊಂಡ್ರ? ಬಚ್ಚಿಟ್ಟ ಬಿಡಲೇನು ಅನಿಸ್ತು."

ಇಂದ್ರವ್ವ ಎರಡನ್ನೂ ಮಾಡಲಿಲ್ಲ. ನಾಲ್ಕನ್ನು ನಾಲ್ಕು ಬಾಗಿಲಿಗೆ ಮುಟ್ಟಿಸಿ ಕೊನೆಗೆ ತಮ್ಮದೇ ಬಾಗಿಲಿಗೆ ಬಂದರು. ಹೊಸ್ತಿಲು ದಾಟಲಿಲ್ಲ. ಇಲ್ಲಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆ ಹಬ್ಬದಲ್ಲಿ ಹಿರಿಯರು ಬಲವಂತ ಮಾಡಿದರೆ ಒಡಪು ಎಂಬ ಪ್ರಾಸದ ಸಾಲು ಕಟ್ಟಿ, ಅದರಲ್ಲಿ ಸೇರಿಸಿ ನಾಚಿಕೊಂಡು ಹೇಳಿದರೆ ಉಂಟು. ಇಂದ್ರವ್ವ ಅಂದು ಮಾವನ ಹೆಸರನ್ನೂ ಸೇರಿಸಿ, ಲಕೋಟೆಯಲ್ಲಿ ಇದ್ದಂತೆ ಕೂಗಿದರು: "ಗುರುಸಿದ್ದ ರಾಚಪ್ಪಾ!"

ಬಾಲ್ಕನಿಯಲ್ಲಿ ಭಾಗ್ಯಾ ಕಿಸಕ್ಕನೆ ನಕ್ಕಳು. ದಂಗಾಗಿ ಹೊರಬಂದ ಗಂಡನಿಂದ ಇಂದ್ರವ್ವ ಆಧಾರ್ ಕಾರ್ಡ್ ಕೇಳಿ ನೋಡಿ, ಸಹಿ ಹಾಕಿಸಿಕೊಂಡರು. "ಕೊಡೂದು ನನ್ನ ಕೆಲಸ, ಕೊಟ್ಟೇನಿ. ಹೋಗೂದು ನಿಮಗ ಬಿಟ್ಟದ್ದು. ಆದ್ರ ಅಲ್ಲಿ ಹೋಗಿ ಹೆಸರು ಮುಚ್ಚಿಟ್ಟು ಬದಕೂದಾದ್ರ, ಇಷ್ಟ ಮಂದಿ ಮುಂದ ನಾ ಯಾಕ ಕೂಗ್ಬೇಕಿತ್ತು?"

ಉಳಿದ ನಾಲ್ವರು ಏಜೆಂಟನ ಹಿಂದೆ ಹೋದರು. ಗುರುಸಿದ್ದ ಹೋಗಲಿಲ್ಲ. ಕಾಯ್ದೆಯ ಪ್ರಕಾರ ಕೆಲಸದ ವೀಸಾಕ್ಕೆ ಅರ್ಜಿ ಹಾಕಿ, ಹನ್ನೊಂದು ತಿಂಗಳಿನಿಂದ ಕಾಯುತ್ತಿದ್ದಾನೆ. ಅಷ್ಟರಲ್ಲಿ ಎದುರು ಮನೆಗೆ ಹೊಸ ಗೇಟು ಬಂದಿದೆ, ಇಂದ್ರವ್ವನ ಉರಿ ಇನ್ನೂ ಆರಿಲ್ಲ.

ನಿಮ್ಮ ಆಸೆ ಏನು ಎಂದು ಕೇಳಿದೆ. ಅವರು ಚೀಲ ಹೆಗಲಿಗೇರಿಸಿ ಎದುರಿನ ಬಾಲ್ಕನಿಯತ್ತ ಕಣ್ಣು ಹಾಯಿಸಿದರು.

"ಇವರ ಕೆಲಸದ ಕಾಗದ ನನ್ನ ಚೀಲದಾಗನ ಬರ್ಲಿರಿ. ಆಕಿ ಚಾ ಕುಡಿಯೂ ಹೊತ್ತಿಗೆನ ತರ್ತೇನಿ. ಮತ್ತೊಮ್ಮೆ ಹೆಸರ ಕೂಗ್ತೇನಿ."